ಕೆಂಪು ಗೆರೆಯ ಆಚೆ ಬೇವನಾಳ

ಪುಣೆ, ಭವಾನಿ ಪೇಠ
ತಾ. ೧೨ ನವೆಂಬರ್ ೧೯೩೭

ಚಿರಂಜೀವಿ ಹೊಳಬಸಪ್ಪನಿಗೆ ಅವ್ವ ಮಾಡುವ ಆಶೀರ್ವಾದ.

ಹುಬ್ಬಳ್ಳಿಗೆ ಸುಖವಾಗಿ ಮುಟ್ಟಿದೆಯಾ? ಕೆಮ್ಮು ಇಳಿಯಿತೇ? ಕಟ್ಟಿಕೊಟ್ಟ ಶುಂಠಿಪುಡಿ ಗಂಟಿನಲ್ಲೇ ಇರುತ್ತದೆ, ನನಗೆ ಗೊತ್ತು. ನಾನು ಆರಾಮ ಇದ್ದೇನೆ. ತಲೆ ಮಾತ್ರ ನಿನ್ನೆಯಿಂದ ಕಾದ ಹಂಚಾಗಿದೆ. ಕಾರಣ ನೀನೇ.

ಹುಬ್ಬಳ್ಳಿಯ ಏಕೀಕರಣ ಸಭೆಗೆಂದು ತಿಂಗಳುಗಟ್ಟಲೆ ಕೂತು ನೀನು ಬರೆದ ಕರ್ನಾಟಕದ ನಕ್ಷೆ, ಬಣ್ಣ ಒಣಗಲಿಲ್ಲವೆಂದು ಬಿಟ್ಟುಹೋದೆಯಲ್ಲ, ಅದನ್ನು ನಿನ್ನ ಗೆಳೆಯ ಸಿದ್ದಲಿಂಗಪ್ಪ ಊಟಕ್ಕೆ ಬಂದಾಗ ಪಡಸಾಲೆಯಲ್ಲಿ ಹಾಸಿ ತೋರಿಸಿದ. ನಮ್ಮ ಖಾನಾವಳಿಯ ರೊಟ್ಟಿ ತಿಂದು ನೀವೆಲ್ಲ ನಾಡು ಒಂದಾಗಬೇಕೆಂದು ಕೂಗಾಡಿದ್ದಕ್ಕೆ ಫಲ ಬಂತು ಎಂದು ಹಿಗ್ಗಿದೆ. ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳಿಗೆ ನಕ್ಷೆ ಏನು ತಿಳಿದೀತು? ನನ್ನ ತವರೂರು ಬೇವನಾಳ ತೋರಿಸಪ್ಪಾ ಎಂದೆ. ಅವನು ನೀನೆಳೆದ ಗಡಿಯ ಕೆಂಪು ಗೆರೆಯ ಆಚೆ ಬೆರಳಿಟ್ಟು, "ಇದು ನಮ್ಮೊಳಗ ಬರೂದಿಲ್ರೀ ಅವ್ವಾರ. ಜತ್ತ ಸಂಸ್ಥಾನದಾಗ ಅದ, ದಫ್ತರ ಎಲ್ಲಾ ಮರಾಠಿ. ಸುಮ್ನ ಸಭಾದಾಗ ವಾದ ಯಾಕಂತ ಹೊಳಬಸೂನೇ ಬಿಟ್ಟಾನ" ಎಂದ.

ದಫ್ತರ ಮರಾಠಿಯಂತೆ! ಮೂರ್ಖಾ, ದಫ್ತರದಲ್ಲಿ ಕೂತವರು ನಾಲ್ಕು ಜನ. ಉಳಿದ ಊರು ಎತ್ತಿಗೆ ಯಾವ ಮಾತಿನಲ್ಲಿ ಬೈಯುತ್ತದೆ, ಹೆಣದ ಮುಂದೆ ಯಾವ ಮಾತಿನಲ್ಲಿ ಅಳುತ್ತದೆ, ಕೇಳಿದ್ದೀಯಾ? ನಾನೂ ದಿನಾ ಮರಾಠಿ ಆಡಿಯೇ ಬದನೆಕಾಯಿ ತರುತ್ತೇನೆ. ಪಕ್ಕದ ಮನೆಯ ಕೃಷ್ಣಾಬಾಯಿಯ ಜೊತೆ ಮರಾಠಿಯಲ್ಲೇ ಜಗಳಾಡಿ, ಮರಾಠಿಯಲ್ಲೇ ರಾಜಿಯಾಗುತ್ತೇನೆ. ಹಾಗಾದರೆ ನನ್ನನ್ನೂ ಆಚೆ ಹಾಕು!

ನೀನು ಹುಟ್ಟಿದ್ದು ಬೇವನಾಳದಲ್ಲಿ. ನಿನಗೆ ಮಾತು ಕಲಿಸಿದವಳು ನನ್ನ ಹಡೆದವ್ವ, ನಿನ್ನ ಆಯಿ ಭೀಮವ್ವ. ಕಣ್ಣು ಮಂಜಾದರೂ ಪುಣೆಯಿಂದ ಯಾರು ಬಂದರೂ, "ನಮ್ಮ ಹೊಳಬಸ್ಯಾ ಯಾವಾಗ ಬರ್ತಾನ?" ಎಂದು ಕೇಳುತ್ತಾಳೆ. ಅವಳಿಗೆ ಏನು ಹೇಳಲಿ? ಮೊಮ್ಮಗ ನಿನ್ನನ್ನು ಪರನಾಡಿನವಳನ್ನಾಗಿ ಮಾಡಿದ ಎನ್ನಲೇ? ವಾದಕ್ಕೆ ಹೆದರುವವನಿಗೆ ನಾಡು ಕಟ್ಟುವ ಉಸಾಬರಿ ಏಕೆ ಬೇಕಿತ್ತು?

ಹೊತ್ತಿಗೆ ಸರಿಯಾಗಿ ಉಣ್ಣು. ಬಸವಣ್ಣ ನಿನಗೆ ಆಯುಷ್ಯದ ಜೊತೆ ಸ್ವಲ್ಪ ಬುದ್ಧಿಯನ್ನೂ ಕೊಡಲಿ.

ನಿನ್ನ ಅವ್ವ,
ಶಿವಬಸವ್ವ

ತಾ.ಕ.: ಸಿದ್ದಲಿಂಗಪ್ಪ ನಾಡಿದ್ದು ಹುಬ್ಬಳ್ಳಿಗೆ ನಕ್ಷೆ ತರುತ್ತಾನೆ. ಅವನು ಕೈ ತೊಳೆಯಲು ಹೋದಾಗ ನಿನ್ನ ಕೆಂಪು ಮಸಿ ತೆಗೆದು, ಬೇವನಾಳ ಒಳಗೆ ಬರುವಂತೆ ನಾನೇ ಹೊಸ ಗೆರೆ ಎಳೆದಿದ್ದೇನೆ. ಅವಸರದಲ್ಲಿ ಸೊಟ್ಟಾಗಿದೆ, ಅಕ್ಕಪಕ್ಕದ ಐದಾರು ಹಳ್ಳಿಗಳೂ ಒಳಗೆ ಬಂದಿವೆ. ಬರಲಿ. ಅಳಿಸಿದರೆ ಮನೆಗೆ ಬರಬೇಡ. ಇದನ್ನು ಎಳೆದವರು ಯಾರು ಎಂದು ಸಭೆಯ ದೊಡ್ಡವರು ಕೇಳಿದರೆ, ತಲೆ ತಗ್ಗಿಸದೆ, ನಮ್ಮವ್ವ ಎಂದು ಹೇಳು.