ಅಳಿವೆಗೆ ಅಡ್ಡ ನಿಂತ ಹಾಯಿಗಳು

ಅಘನಾಶಿನಿ ಅಳಿವೆ,
ಕ್ರಿ.ಶ. 2263, ಮೂರನೆಯ ಮಳೆಗಾಲದ ಬಿಡುವು.

ಹಿಂದಿನವರಾದ ನಿಮಗೆ ತಾರಾಮತಿ ಹರಿಕಂತ್ರಳ ನಮಸ್ಕಾರ. ಈ ತಾರೀಕು ನಂಬುವಂಥದ್ದಲ್ಲ, ಗೊತ್ತು. ನಮಗೆ ವರ್ಷಕ್ಕೆ ಮೂರು ಮಳೆಗಾಲ. ನಿಮ್ಮ ಕನ್ನಡವನ್ನು ಹಳೆಯ ಧ್ವನಿಮುದ್ರಣ ಕೇಳಿ ಕಲಿತವಳು ನಾನು. ಮಾತು ಎಲ್ಲಾದರೂ ತೊಡರಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಕೋಪವನ್ನು ಮಾತ್ರ ತಗ್ಗಿಸಿ ಬರೆಯಲಾರೆ.

ನಮ್ಮ ಕಡಲಲ್ಲಿ ಈಗ ಹೀರುಗಗಳ ಓಡಾಟ. ಆಳಿಲ್ಲದೆ ತಾವೇ ಮೀನು ಹುಡುಕಿ ಹೀರಿಕೊಳ್ಳುವ, ಮನೆಗಿಂತ ಎತ್ತರದ ಕಂಪನಿ ಹಡಗುಗಳಿಗೆ ನಾವಿಟ್ಟ ಹೆಸರು ಅದು. ಹೊರಗಡಲನ್ನು ಬರಿದು ಮಾಡಿ ಅಳಿವೆಯ ಬಾಯಿಗೇ ಬಂದಿವೆ, ಅದೂ ಮೀನು ಮೊಟ್ಟೆಯಿಡಲು ಒಳಬರುವ ಕಾಲಕ್ಕೆ. ಇಲ್ಲೂ ಹೀರಿಕೊಂಡರೆ ನಮ್ಮ ಮಕ್ಕಳ ಬಾಯಿಗೆ ಮಣ್ಣು. ಆದರೆ ಎದುರಿಗೆ ಮನುಷ್ಯ ಕಂಡರೆ ನಿಲ್ಲಬೇಕೆಂದು ನಿಮ್ಮ ಕಾಲದವರು ಯಂತ್ರಗಳಿಗೆ ಒಂದು ಕಟ್ಟಳೆ ಮಾಡಿಟ್ಟಿದ್ದಾರೆ. ಎಂಜಿನ್ ಇರುವ ದೋಣಿಯನ್ನು ಹೀರುಗ ಇನ್ನೊಂದು ಯಂತ್ರವೆಂದು ತಿಳಿದು ಬದಿಗೆ ತಳ್ಳುತ್ತದೆ. ಗಾಳಿಗೆ, ತೋಳಿಗೆ ಸಾಗುವ ದೋಣಿಯ ಮುಂದೆ ಮಾತ್ರ ನಿಲ್ಲುತ್ತದೆ. ಅದಕ್ಕೇ ನಾವು ಎಂಜಿನ್‌ಗಳನ್ನು ಕಿತ್ತುಹಾಕಿ, ನನ್ನ ಅತ್ತೆ ಶೇವಂತಿಯಿಂದ ಹಾಯಿ ಕಟ್ಟಲು ಕಲಿತೆವು.

ಇಂದಿನ ದಿನವನ್ನೇ ಹೇಳುತ್ತೇನೆ. ನಸುಕಿನ ನೆಲಗಾಳಿಗೆ ಹಾಯಿ ಬಿಚ್ಚಿ, ಇಳಿತದ ನೀರಿನೊಂದಿಗೆ ಹೊರಟೆವು. ಅಳಿವೆಯ ಬಾಯಲ್ಲಿ ಪಾತಿ ಎಂಬ ನಮ್ಮ ಸಣ್ಣ ದೋಣಿಗಳನ್ನು ಸಾಲಾಗಿ ಅಡ್ಡ ನಿಲ್ಲಿಸಿ, ಲಂಗರು ಬಿಟ್ಟು ಗಾಳ ಹಾಕಿದೆವು. ಮಧ್ಯಾಹ್ನದ ಗಂಜಿಗೆ ಬೇಕಾದಷ್ಟು ಕಾಣೆ ಮೀನು ಸಿಕ್ಕಿತು. ಮೊಟ್ಟೆ ತುಂಬಿದ್ದನ್ನೆಲ್ಲ ಅತ್ತೆ, ಬಸುರಿಯಾಗಿ ಊರು ಸುತ್ತುತ್ತೀಯಲ್ಲ ಎಂದು ಬೈಯುತ್ತ ನೀರಿಗೆ ಬಿಟ್ಟಳು. ದೋಣಿಯ ಪುಟ್ಟ ಒಲೆಯ ಮೇಲೆ ಮೀನು ಸುಟ್ಟು ತಿನ್ನುತ್ತಿದ್ದಾಗ ಹೀರುಗ ಬಂತು. ಅದರ ನೆರಳು ನಮ್ಮ ದೋಣಿಗಳನ್ನೆಲ್ಲ ಮುಚ್ಚಿತು. ನಾನು ಮೀನು ಬಿಟ್ಟು ಹುಟ್ಟು ಹಿಡಿದೆ. ಹುಟ್ಟು ಚಾಚಿದರೆ ತಾಗುವಷ್ಟು ಹತ್ತಿರ ಬಂದು ಅದು ನಿಂತಿತು. ಅತ್ತೆ ತಲೆಯೆತ್ತಿಯೂ ನೋಡದೆ ಮೀನಿನ ಮುಳ್ಳು ಬಿಡಿಸುತ್ತಿದ್ದಳು. ಸಂಜೆಯವರೆಗೆ ಕಾದು ಹೀರುಗ ಬರಿಹೊಟ್ಟೆಯಲ್ಲಿ ಹಿಂತಿರುಗಿತು.

ಕಡಲಗಾಳಿ ಹಿಡಿದು ಮರಳಿದಾಗ ದಡದಲ್ಲಿ ಕಂಪನಿಯ ಆಜ್ಞೆ ಕಾದಿತ್ತು. ಆ ಕಟ್ಟಳೆಯನ್ನು ರದ್ದು ಮಾಡಿದ್ದಾರಂತೆ. ನಾಳೆಯಿಂದ ಹೀರುಗಗಳು ಯಾರಿಗೂ ನಿಲ್ಲುವುದಿಲ್ಲವಂತೆ. ಕೆಲವರು ದೋಣಿ ಮೇಲೆಳೆದುಬಿಟ್ಟರು. ಅವರನ್ನು ದೂರಲಾರೆ, ಚಿಕ್ಕ ಮಕ್ಕಳಿರುವವರು. ನಾಳೆ ನೀನಾದರೂ ಮನೆಯಲ್ಲಿರು ಎಂದು ಅತ್ತೆಗೆ ಹೇಳಿ ನೋಡಿದೆ.

“ಅದ್ರ ಕಣ್ ಕಟ್ಟಿದ್ರೆ ನಾ ಎಂತಕೆ ದಾರಿ ಬಿಡೂದು? ಹಾಯಿ ಹರ್ದದೆ, ದಾರ ಕೊಡು,” ಎಂದಳು.

ನಿಮಗೆ ಬರೆಯುತ್ತಿರುವುದು ಯಾಕೆಂದರೆ, ನಿಮ್ಮ ಕಾಲದಲ್ಲಿ ಆ ಕಟ್ಟಳೆ ಇನ್ನೂ ನಿಮ್ಮ ಕೈಯಲ್ಲಿದೆ. ಅದನ್ನು ರದ್ದು ಮಾಡುವ ಅಧಿಕಾರ ಯಂತ್ರದ ಮಾಲೀಕರಿಗೆ ಎಂದೂ ಇರಕೂಡದೆಂದು ಇನ್ನೊಂದು ಮಾತು ಸೇರಿಸಿ. ಇದನ್ನು ಬೇಡಿಕೆ ಎಂದುಕೊಳ್ಳಬೇಡಿ, ತಗಾದೆಯೆಂದೇ ಓದಿಕೊಳ್ಳಿ. ನಾಳೆ ಇಳಿತಕ್ಕೆ ನಾವು ಹೊರಡುತ್ತೇವೆ. ನಡುವಿನ ದೋಣಿ ಅತ್ತೆಯದು, ಅದರಲ್ಲಿ ನಾನೂ ಇರುತ್ತೇನೆ. ನೀವು ಆ ಮಾತು ಸೇರಿಸಿದಿರೋ ಇಲ್ಲವೋ, ಹೀರುಗ ಹತ್ತಿರ ಬಂದಾಗ ನಮಗೆ ತಿಳಿಯುತ್ತದೆ.