ನಾನು ಹಾಕಿದ ಹಾಜರಿ

ಅಕ್ಟೋಬರ್ 9, ಗುರುವಾರ

ಮೊದಲ ವರ್ಷದ ನಮ್ಮ ಮೌನಗೌರಿಯ ಅಪ್ಪ ಇವತ್ತು ಮಗಳ ಟಿ.ಸಿ. ಕೇಳಲು ಬಂದಿದ್ದರು. ಪಾಠ ತಲೆಗೆ ಹತ್ತುತ್ತಿಲ್ಲವೆಂದು ಅವಳು ಐದು ವಾರದಿಂದ ಮನೆಯಲ್ಲೇ ಇದ್ದಳಂತೆ.

"ಕಾಲೇಜಿಂದ ಯಾರಾದ್ರೂ ಕರೀತಾರೇನೋ ಅಂತ ಕಾಯ್ತಾನೇ ಇದ್ಲು ಮೇಡಂ. ಒಂದು ಫೋನೂ ಬರ್ಲಿಲ್ಲ" ಎಂದರು.

ಮೂರು ದಿನ ಗೈರಾದವರ ಮನೆಗೆ ಆಫೀಸಿನವರು ತಪ್ಪದೆ ಫೋನ್ ಮಾಡುತ್ತಾರೆ. ಅವರಿಗೆ ಪಟ್ಟಿ ಕೊಡುವವಳು ನಾನು. ಹಾಜರಿ ಸಾಲದೆ ಪರೀಕ್ಷೆ ತಪ್ಪೀತು, ಪಾಪ, ಇವತ್ತೋ ನಾಳೆಯೋ ಬರುತ್ತಾಳೆ ಎಂದುಕೊಂಡು ದಿನವೂ ಅವಳಿಗೆ ಹಾಜರಿ ಹಾಕುತ್ತಿದ್ದೆ. ದೊಡ್ಡ ಕರುಣಾಮಯಿ ನಾನು!

ಅವಳ ಅಪ್ಪನಿಗೆ "ವಿಚಾರಿಸ್ತೀನಿ" ಎಂದೆ. ಏನು ವಿಚಾರಿಸುವುದು, ನನ್ನ ತಲೆ.

ರಿಜಿಸ್ಟರ್ ಮುಂದೆಯೇ ಇದೆ. ಅವಳದು ಒಂದು ದಿನವೂ ತಪ್ಪಿಲ್ಲ. ಇವತ್ತು ಬೆಳಿಗ್ಗೆಯದೂ ಸೇರಿ.