ರಾಮಪ್ಪನ ಫಿಲೇಚರ್‌ನಲ್ಲಿ ನಾಟಕ

4 ಮಾರ್ಚ್ 2018, ಭಾನುವಾರ

ಸೊಪ್ಪು ಸೋಸಿ ಆಯ್ತು. ಬಿ.ಪಿ. ಮಾತ್ರೆ ಮರೆತಿದ್ದೆ, ಈಗ ನುಂಗಿದೆ.

ಮುರಳಿಮೋಹನ್ ಬಂದಿದ್ದ. ನಾಲ್ಕನೇ ಕ್ಲಾಸಲ್ಲಿ ನನ್ನ ಹತ್ರ ಓದಿದ ಹುಡುಗ, ಈಗ ಚಿಕ್ಕಬಳ್ಳಾಪುರದಲ್ಲಿ ಲೆಕ್ಚರರ್. ತಲೆ ತುಂಬ ನಾಟಕ. ನಮ್ಮನೆಯವರು ಹೋದಮೇಲೆ ಅವರ ರೇಷ್ಮೆ ಫಿಲೇಚರ್ ಸುಮ್ಮನೆ ಬಿದ್ದಿದೆಯಲ್ಲ, ಅದನ್ನ ಕೇಳಿದ.

"ಮಿಸ್, ರೇಷ್ಮೆ ತೆಗೀತಿದ್ದ ಜಾಗದಲ್ಲೇ ನಾಟಕ ಮಾಡ್ತೀವಿ. ಸ್ಟೇಜ್ ಬೇಡ, ಕುರ್ಚಿ ಬೇಡ."

"ಸತ್ತ ಹುಳದ ವಾಸನೆ ಹೊಡೆಯುತ್ತೆ ಕಣಪ್ಪ."

"ಅದೂ ಇರ್ಲಿ ಮಿಸ್."

ನಗು ಬಂತು. ಕೀ ಕೊಟ್ಟೆ. ರಮೇಶನಿಗೆ ಫೋನ್ ಮಾಡಿ ಹೇಳಿದ್ರೆ, ಗೋಡೌನ್ ಮಾಡಬಹುದಿತ್ತಲ್ಲಮ್ಮ ಅಂದ. ಮಗ, ಹೇಳ್ತಾನೆ. ಕಟ್ಟಡ ನನ್ನ ಹೆಸರಲ್ಲಿದೆ.

27 ಮಾರ್ಚ್

ಬೋರ್ಡ್ ಬರೆಸಿದಾರೆ — 'ಎಳೆ' ಅಂತ. ಶಿಡ್ಲಘಟ್ಟದವರ ಬಾಯಲ್ಲಿ ಮಾತ್ರ ಅದು ಈಗಲೂ ರಾಮಪ್ಪನ ಫಿಲೇಚರ್.

ಹೂವಿನಂಗಡಿಯವಳು ಕೇಳಿದಳು. "ಟೀಚರಮ್ಮ, ನಿಮ್ಮ ಫಿಲೇಚರ್‌ಗೆ ಶೋಭಾರಾಣಿ ಬರ್ತಾಳಂತೆ? ನಾಟಕ ಹೇಳಿಕೊಡೋಕೆ?"

ಮಂಚೇನಹಳ್ಳಿ ಶೋಭಾರಾಣಿ. ಹಳ್ಳಿ ನಾಟಕಗಳಿಗೆ ಹೆಣ್ಣುಪಾತ್ರಕ್ಕೆ ಕರೆಸ್ತಿದ್ದ ನಟಿ. ಇವರು ರಾಜನ ಪಾತ್ರ, ಅವಳು ರಾಣಿ. ಚಿಂತಾಮಣಿ ಕಡೆ, ಗೌರಿಬಿದನೂರು ಕಡೆ, ಎಲ್ಲಿ ಕರೆದರೆ ಅಲ್ಲಿಗೆ. ಜನ ಏನೇನೋ ಆಡ್ಕೊಂಡ್ರು. ಇವರನ್ನ ನಾನು ಕೇಳ್ಲಿಲ್ಲ. ಇವರೂ ಹೇಳ್ಲಿಲ್ಲ. ಹಾಗೇ ಹೋಗಿಬಿಟ್ರು.

ಮುರಳಿಗೆ ಇದೆಲ್ಲ ಗೊತ್ತಿಲ್ಲ, ಪಾಪ. ನಾಳೆ ಹೋಗಿ ಬೀಗ ಹಾಕ್ಕೊಂಡು ಬರ್ತೀನಿ.

28 ಮಾರ್ಚ್

ಹಾಕ್ಲಿಲ್ಲ.

ಹೋದಾಗ ಪ್ರಾಕ್ಟೀಸ್ ನಡೀತಿತ್ತು. ಪಕ್ಕದ ಬೀದಿಯಲ್ಲಿ ನೂಲು ತೆಗೆಯೋ ಮುನಿಲಕ್ಷ್ಮಿ ಮಧ್ಯದಲ್ಲಿ ನಿಂತಿದ್ದಳು. ತಲೆ ಬಗ್ಗಿಸಿ. ಬೆರಳೆಲ್ಲ ಬಿಸಿನೀರಲ್ಲಿ ಬೆಂದು ಬೆಳ್ಳಗಾಗಿವೆ, ಅದನ್ನ ಸೆರಗಲ್ಲಿ ಮುಚ್ಕೋತಾಳೆ. ಶೋಭಾರಾಣಿ ಹೇಳ್ತಾ ಇದ್ದಳು — "ಯಾಕಮ್ಮ ಮುಚ್ತೀಯ? ನೋಡ್ಲಿ ಬಿಡು. ನೋಡೋಕೆ ತಾನೆ ಬಂದಿರೋದು ಜನ."

ನನ್ನ ನೋಡಿದಳು. ಗುರುತು ಸಿಕ್ತು. ಬ್ಯಾಗ್ ಎತ್ಕೊಂಡು ನನ್ನ ಹತ್ರ ಬಂದು ಮೆತ್ತಗೆ — "ನಾನು ಹೋಗ್ತೀನಿ ಅಮ್ಮಾವ್ರೇ. ಈ ಮಕ್ಕಳಿಗೆ ಮಾತ್ರ ಬಾಗಿಲು ಹಾಕಬೇಡಿ."

ಕೂದಲು ಪೂರ್ತಿ ನೆರೆತಿದೆ. ಕೈಯಲ್ಲಿ ಎರಡು ಪ್ಲಾಸ್ಟಿಕ್ ಬಳೆ. ಇವಳನ್ನ ನೆನೆಸ್ಕೊಂಡು ಎಷ್ಟು ವರ್ಷ ಹೊಟ್ಟೆ ಉರಿಸಿಕೊಂಡೆ...

"ಕಾಫಿ ಬರುತ್ತೆ. ಕುಡಿದು ಹೋಗು" ಅಂದೆ. ಕುಡಿದಳು. ಆಮೇಲೆ ಪ್ರಾಕ್ಟೀಸ್ ಮುಂದುವರಿಸಿದಳು. ನಾನು ತಡೀಲಿಲ್ಲ.

15 ಏಪ್ರಿಲ್, ಭಾನುವಾರ

ಮೊದಲನೇ ನಾಟಕ. ನೂಲು ತೆಗೆಯೋ ಹೆಂಗಸರದ್ದೇ ಕಥೆ. ಗೂಡು ಬೇಯಿಸ್ತಿದ್ದ ಹಳೇ ಬೇಸನ್‌ಗಳಿಗೆ ಬಿಸಿನೀರು ತುಂಬಿಸಿ, ನೋಡೋಕೆ ಬಂದವರಿಗೆ ಕೈ ಅದ್ದಿ ಕೂತ್ಕೊಳ್ಳಿ ಅಂದ್ರು. ಕೆಲವರು ಕಿಸಕ್ಕನೆ ನಕ್ಕರು. ಅರ್ಧ ಜನ ಎದ್ದು ಹೋದ್ರು. ಕೂತವರು ಕೈ ತೆಗೀಲಿಲ್ಲ.

ಮುನಿಲಕ್ಷ್ಮಿ ಕನ್ನಡದಲ್ಲಿ ಶುರು ಮಾಡಿ ತೆಲುಗಿಗೆ ಜಾರಿದಳು. ಇನ್ನೊಬ್ಬಳು ಉರ್ದುವಿನಲ್ಲಿ. ನನಗೆ ಎಲ್ಲಾನೂ ಅರ್ಥ ಆಯ್ತು. ಮದುವೆಯಾಗಿ ಬಂದಾಗಿನಿಂದ ಆ ಶೆಡ್ ನೋಡಿದೀನಿ, ಒಳಗೆ ದುಡಿಯೋರ ಕೈ ನೋಡಿರಲಿಲ್ಲ.

9 ಫೆಬ್ರವರಿ 2019

ಇವತ್ತು ಪೌರಾಣಿಕ ನಾಟಕ. ಎಲ್ಲ ಪಾತ್ರಾನೂ ಹೆಂಗಸರೇ. ರಾಜ — ಶೋಭಾರಾಣಿ. ಹಳ್ಳಿಗಳಿಂದ ನಾಟಕದ ಗಂಡಸರು ಬಂದಿದ್ರು, ಜಗಳಕ್ಕೇ ಬಂದಿದ್ರು. "ಹೆಂಗಸು ಗದೆ ಹಿಡಿಯೋದಾ, ಏನ್ ಕರ್ಮ" ಅಂತ ಬಾಗಿಲಲ್ಲೇ ಕೂಗಾಟ. ಹಾರ್ಮೋನಿಯಂ ಮೇಷ್ಟ್ರು ಕೋನಪ್ಪ ಆ ಗಂಡಸರ ಜೊತೆ ಎದ್ದು ಹೊರಟೇಬಿಟ್ರು. ಮುರಳಿ ಮುಖ ಬಿಳುಚಿಕೊಂಡಿತು.

ಶೋಭಾ ಶ್ರುತಿ ಇಲ್ಲದೇ ಪದ್ಯ ಎತ್ತಿದಳು. ಬಾಯ್ಲರ್ ಕಡೆಯಿಂದ ನಡೆದು ಬಂದಳು.

ಇವರ ನಡಿಗೆ. ಎಡಗಾಲು ಸ್ವಲ್ಪ ಎಳೆದು, ಭುಜ ಹಿಂದಕ್ಕೆ ಒಗೆದು, ನಿಂತಮೇಲೆ ಒಂದು ಸಲ ಗಂಟಲು ಸರಿ ಮಾಡ್ಕೊಳ್ಳೋದು. ಇವರೇ. ಇವರು ತೀರಿಕೊಂಡು ನಾಲ್ಕು ವರ್ಷ... ನನ್ನ ಮುಂದೆ ನಡೆದು ಬರ್ತಿದಾರೆ. ಸೆರಗು ಬಾಯಿಗೆ ಒತ್ತಿ ಹಿಡ್ಕೊಂಡೆ.

ಕೋನಪ್ಪ ವಾಪಸ್ ಬಂದು ಹಾರ್ಮೋನಿಯಂ ಪೆಟ್ಟಿಗೆ ಮುಂದೆ ಯಾವಾಗ ಕೂತ್ರೋ ನೋಡ್ಲಿಲ್ಲ. ಶ್ರುತಿ ಸೇರಿತು. ಬಾಗಿಲಲ್ಲಿ ಕೂಗಾಡ್ತಿದ್ದವರು ಒಳಗೆ ಬಂದು ನಿಂತ್ಕೊಂಡ್ರು.

10 ಫೆಬ್ರವರಿ, ಬೆಳಿಗ್ಗೆ

ಶೋಭಾ ಮನೆಗೆ ಬಂದಳು. ಮೊದಲನೇ ಸಲ. ಹೊಸಲು ದಾಟಲಿಲ್ಲ, ಜಗಲಿ ಮೇಲೆ ಕೂತಳು. ಕಾಫಿ ಲೋಟ ಕೈಯಲ್ಲೇ ಇತ್ತು. ನಾನು ಏನೂ ಕೇಳೋ ಮುಂಚೆ ಅವಳೇ ಅಂದಳು.

"ಜನ ಆಡ್ಕೊಂಡಿದ್ದು ನಿಜ ಅಕ್ಕ. ಮೂರು ವರ್ಷ. ಆಮೇಲೆ ನಾನೇ ಬೇಡ ಅಂದೆ."

"ಯಾಕೆ?"

"ದಿಬ್ಬೂರಹಳ್ಳಿ ನಾಟಕಕ್ಕೆ ನೀವು ಬಂದಿದ್ರಿ. ರಮೇಶ ಕಂಕುಳಲ್ಲಿ. ನಾಟಕದವರಿಗೆಲ್ಲ ನೀವೇ ಬಡಿಸಿದ್ರಿ. ಎಲ್ಲಾ ಊರಲ್ಲೂ ನನಗೆ ಕೊಟ್ಟಿಗೇಲಿ ಊಟ ಹಾಕೋರು. ನೀವು ಎಲ್ಲರ ಸಾಲಲ್ಲೇ ಎಲೆ ಹಾಕಿ, ಇನ್ನೊಂದು ಮುದ್ದೆ ಹಾಕ್ಲಾ ಅಂದ್ರಿ. ಆ ಮುದ್ದೆ ಎಲೇಲೇ ಬಿಟ್ಟು ಎದ್ದೆ."

ನನಗೆ ನೆನಪೇ ಇಲ್ಲ. ಎಷ್ಟು ಯೋಚನೆ ಮಾಡಿದ್ರೂ ನೆನಪಿಗೆ ಬರ್ತಿಲ್ಲ. ಇವಳು ಯಾರು ಅಂತ ಗೊತ್ತಿದ್ದಿದ್ರೆ ಬಡಿಸ್ತಿದ್ನೋ ಇಲ್ವೋ — ಅದೂ ಗೊತ್ತಿಲ್ಲ.

"ಎದ್ದು ಹೋಗು" ಅಂದೆ. ಹೋದಳು.

2 ಏಪ್ರಿಲ್

ಇವತ್ತು ಫಿಲೇಚರ್‌ಗೆ ಹೋದೆ. ಶೋಭಾ ಎಲ್ಲಿಂದಲೋ ಒಂದು ಕುರ್ಚಿ ತಂದು ಹಾಕಿದಳು. ಕೂತೆ. ಹೊರಡುವಾಗ, "ನಾಳೆ ಬರ್ತೀನಿ" ಅಂದೆ.

ಜೂನ್ 2020

ಲಾಕ್‌ಡೌನ್. ನಾಟಕ ಇಲ್ಲ. ನೂಲಿನ ಕೆಲಸ ನಿಂತು ಹೆಂಗಸರ ಮನೇಲಿ ಒಲೆ ಹತ್ತಿಲ್ಲ. ಬಾಯ್ಲರ್ ಪಕ್ಕ ದೊಡ್ಡ ಪಾತ್ರೆ ಇಟ್ಟು ಅನ್ನ-ಸಾರು ಮಾಡ್ತಿದೀವಿ. ನಾನು ತರಕಾರಿ ಹೆಚ್ತೀನಿ, ಶೋಭಾ ಒಲೆ ಮುಂದೆ. ಉಪ್ಪು ಜಾಸ್ತಿ ಹಾಕ್ತಾಳೆ. ಹೇಳಿದ್ರೆ ಕೇಳಲ್ಲ.

20 ನವೆಂಬರ್ 2022

ಎಂಥೆಂಥ ನಾಟಕ ಆಗ್ತಿವೆ ಇಲ್ಲಿ! ಒಂದು ಪೂರ್ತಿ ಕತ್ತಲಲ್ಲಿ — ಬರೀ ಧ್ವನಿ. ಒಂದರಲ್ಲಿ ಕಿವಿ ಕೇಳದ ಮಕ್ಕಳೇ ಪಾತ್ರಧಾರಿಗಳು, ಮಾತೇ ಇಲ್ಲ. ಇವತ್ತಿನದು ಶೆಡ್ಡಲ್ಲಿ ಶುರುವಾಗಿ ಬೀದಿಗೆ ಇಳೀತು. ಜನ ಹಿಂದೆ ನಡೆದ್ರು, ರೇಷ್ಮೆಗೂಡಿನ ಮಾರ್ಕೆಟ್‌ವರೆಗೂ. ಕೆಲವು ನನಗೆ ಹಿಡಿಸಲ್ಲ. ಮುರಳಿಗೆ ನೇರವಾಗಿ ಹೇಳ್ತೀನಿ. "ಹಿಡಿಸದೇ ಇದ್ರೂ ಬರ್ತೀರಲ್ಲ ಮಿಸ್" ಅಂತಾನೆ.

ರಮೇಶ ಒಂದಕ್ಕೂ ಬಂದಿಲ್ಲ. ಅವರಪ್ಪನ, ಶೋಭಾಳ ವಿಷಯ ಅವನಿಗೂ ಗೊತ್ತು.

11 ಆಗಸ್ಟ್ 2024

ಶೋಭಾಗೆ ಎರಡೂ ಕಿಡ್ನಿ ಹೋಗಿದೆ. ಡಯಾಲಿಸಿಸ್‌ಗೆ ಚಿಕ್ಕಬಳ್ಳಾಪುರಕ್ಕೆ ಬಸ್ಸಲ್ಲಿ. ಜೊತೆಗೆ ನಾನು. ದಾರಿಯುದ್ದಕ್ಕೂ ಮುನಿಲಕ್ಷ್ಮಿಗೆ ರಾಜನ ಪಾತ್ರ ಹೇಗೆ ಕಲಿಸೋದು ಅಂತಾನೇ ಮಾತು. "ನನ್ನ ಹಾಗೆ ನಡೀಬೇಡ ಅಂದಿದೀನಿ ಅಕ್ಕ. ಅವಳದೇ ನಡಿಗೆ ಹುಡುಕ್ಕೊಳ್ಳಲಿ."

17 ಅಕ್ಟೋಬರ್

ಬೆಳಿಗ್ಗೆ ಹೋದಳು. ಆಸ್ಪತ್ರೆಯಲ್ಲೇ. ನಾನು ಕಾಫಿ ತರೋಕೆ ಇಳಿದಿದ್ದೆ.

ಅದೇ ದಿನ, ಮಧ್ಯಾಹ್ನ

ಅವಳ ಬಾಡಿಗೆ ಮನೆ ಓನರ್, ಬಾಡಿ ಇಲ್ಲಿಗೆ ತರಬೇಡಿ ಅಂದುಬಿಟ್ರು. ಮಂಚೇನಹಳ್ಳಿಯ ತಮ್ಮ ಫೋನ್ ಎತ್ತಲಿಲ್ಲ. ಆಂಬುಲೆನ್ಸ್ ಡ್ರೈವರ್ ಕೇಳ್ತಾನೆ, ಎಲ್ಲಿಗಮ್ಮ?

"ಫಿಲೇಚರ್‌ಗೆ" ಅಂದೆ.

ರಮೇಶ ಓಡಿ ಬಂದ. "ಅಮ್ಮಾ, ಅಪ್ಪನ ಜಾಗದಲ್ಲಿ ಆ ಹೆಂಗಸಿನ ಹೆಣ ಇಡ್ತೀಯಾ? ನಂಟರ ಮುಂದೆ ನಾನು ತಲೆ ಎತ್ತೋದು ಹೇಗೆ?"

"ನಿಮ್ಮಪ್ಪನ್ನೂ ಅಲ್ಲೇ ಇಟ್ಟಿದ್ವಿ ಕಣೋ."

"ಅಪ್ಪ, ಅವಳು ಒಂದೇನಾ ನಿನಗೆ?"

"ಒಂದೇ ಅಂದ್ನಾ ನಾನು? ಅವಳಿಗೆ ಮಲಗೋಕೆ ಜಾಗ ಇಲ್ಲ ಅಂದೆ."

ಬಾಗಿಲಿಗೆ ಅಡ್ಡ ನಿಂತ. ಎಷ್ಟೋ ಹೊತ್ತು. ನಾನು ಕಾಯ್ತಾ ನಿಂತೆ. ಆಮೇಲೆ ಪಕ್ಕಕ್ಕೆ ಸರಿದ. ಒಳಗೆ ಬರ್ಲಿಲ್ಲ.

ಬೇಸನ್‌ಗಳ ನಡುವೆ ಮಲಗಿಸಿದ್ವಿ. ನೂಲಿನ ಹೆಂಗಸರು ಕೆಲಸ ಬಿಟ್ಟು ಒದ್ದೆ ಕೈಯಲ್ಲೇ ಬಂದ್ರು. ಕೋನಪ್ಪ ಪೆಟ್ಟಿಗೆ ತೆಗೆದು ಬರೀ ಶ್ರುತಿ ಹಿಡಿದ್ರು.

18 ಅಕ್ಟೋಬರ್

ಮಣ್ಣು ಮಾಡಿ ಬಂದ್ವಿ. ಸ್ಮಶಾನದಲ್ಲಿ ಬರ್ಕೊಳ್ಳೋನು ಕೇಳಿದ — "ಸತ್ತವರು ನಿಮಗೆ ಏನಾಗ್ಬೇಕಮ್ಮ?"

ಮುರಳಿ ಬಾಯಿ ತೆಗೆಯೋಕೆ ಹೋದ. ಕೈ ಹಿಡಿದು ತಡೆದೆ.

"ನಮ್ಮನೆಯವಳು" ಅಂದೆ.

"ಅಂದ್ರೆ?"

"ಅಷ್ಟೇ. ಬರ್ಕೊಳ್ಳಪ್ಪ."

12 ಜನವರಿ 2025, ಭಾನುವಾರ

ಸಂಜೆ ಮತ್ತೆ ಪೌರಾಣಿಕ. ರಾಜ — ಮುನಿಲಕ್ಷ್ಮಿ. ಪ್ರಾಕ್ಟೀಸ್ ನೋಡಿದೆ. ಇವರ ಹಾಗೂ ಇಲ್ಲ, ಶೋಭಾ ಹಾಗೂ ಇಲ್ಲ. ಭಾರ ಹೊತ್ತವರ ಹಾಗೆ ನಡೀತಾಳೆ. ಚೆನ್ನಾಗಿದೆ.

ಬೆಳಿಗ್ಗೆ ರಮೇಶನ ಫೋನ್. ಮೂರು ತಿಂಗಳಾದಮೇಲೆ. ಶುಗರ್ ಚೆಕ್ ಮಾಡಿಸ್ದ್ಯಾ ಅಂದ, ಚಳಿ ಇದೆಯಾ ಅಂದ. ಆಮೇಲೆ ಕೇಳಿದ —

"ನಾಟಕ ಎಷ್ಟು ಗಂಟೆಗಮ್ಮ?"

ಆರಕ್ಕೆ ಅಂದೆ. ಬರ್ತೀನಿ ಅಂತ ಅವನು ಹೇಳ್ಲಿಲ್ಲ, ಬರ್ತೀಯಾ ಅಂತ ನಾನು ಕೇಳ್ಲಿಲ್ಲ. ಈಗ ಐದು. ಸೀರೆ ಉಟ್ಕೊಂಡು ಹೊರಡಬೇಕು. ಯಾವುದು ಉಡಲಿ... ಗೇಟ್ ಹತ್ರ ಕಾರು ನಿಂತ ಹಾಗಿದೆ, ರಮೇಶನದೇ ಇರಬೇಕು. ಹೋಗಿ ನೋಡ್ತೀನಿ.